ಡೆಪಾ ಎಣ್ಣೆ, ಅಮ್ಮ, ಬಾಲ್ಟಿಮೋರ್

ಬೆಳಿಗ್ಗೆ ಅಮ್ಮ ಕಾಡಿಂದ ದರಗು (ಒಣಗಿದ ಎಲೆ) ತರೋಕೆ ಹೊರಟಿದ್ಳು, ಉಣುಗು (ಉಣ್ಣಿ) ಹತ್ರ ಬರ್ದಂಗೆ ಡೆಪಾ ಎಣ್ಣೆ ಹಚ್ಕೊ ಅಂದ್ರೆ "ಅದ್ರ ವಾಸ್ನೆಗೆ ಉಣುಗಲ್ಲ, ನಾನೇ ಓಡ್ಹೋಗ್ತೀನಿ" ಅಂತಾಳೆ. 1957ರಲ್ಲಿ ನಮ್ಮ ಸೊರಬದ ಕ್ಯಾಸನೂರು ಕಾಡಲ್ಲಿ ಸಿಕ್ಕ, ಉಣುಗು ಕಚ್ಚಿ ಬರೋ ಮಂಗನ ಕಾಯಿಲೆದು ಆರ್‌ಎನ್‌ಎ ವೈರಸ್ಸು, ಪಕ್ಕದ್ಮನೆ ಅಣ್ಣಂಗೆ ಜ್ವರ ಬಂದಾಗ ಆರ್‌ಟಿ-ಪಿಸಿಆರ್ ಮಾಡ್ಸಿದ್ರಲ್ಲ, ಅದ್ರಲ್ಲಿ ಆರ್‌ಎನ್‌ಎನ ಡಿಎನ್‌ಎ ಮಾಡೋ ಕಿಣ್ವನ 1970ರಲ್ಲಿ ಹಿಡಿದೋರು ಅಮೆರಿಕದ ವಿಜ್ಞಾನಿ ಡೇವಿಡ್ ಬಾಲ್ಟಿಮೋರ್ (ಹೊವಾರ್ಡ್ ಟೆಮಿನ್ ಕೂಡ ಅದೇ ವರ್ಷ, ಬೇರೆ ಲ್ಯಾಬಲ್ಲಿ). ಅದಕ್ಕೂ ಮೊದ್ಲು ಪೋಲಿಯೋ ವೈರಸ್ಸು ಜೀವಕೋಶದೊಳಗೆ ಹೆಂಗೆ ತನ್ನ ನಕಲು ಮಾಡ್ಕೊಳತ್ತೆ ಅಂತ ವರ್ಷಗಟ್ಟಲೆ ಅದ್ನೇ ನೋಡ್ತಾ ಕೂತಿದ್ದ ಈ ಬಾಲ್ಟಿಮೋರ್ ಪುಣ್ಯಾತ್ಮ, ಆಮೇಲೆ ಇಲಿಗೆ ಕ್ಯಾನ್ಸರ್ ತರೋ ವೈರಸ್ಸಿಗೆ ಕೈ ಹಾಕಿದ್ದಕ್ಕೆ ಇದು ಸಿಕ್ತು. 1975ರಲ್ಲಿ ನೊಬೆಲ್ ಬಂದಾಗ ವಯಸ್ಸು ಬರೀ 37, ನಂಗೆ ಆ ವಯಸ್ಸಲ್ಲಿ ಅಡಿಕೆ ಲೋನೂ ತೀರಿರ್ಲಿಲ್ಲ 😄

ಅಮ್ಮ ಈಗ ಬಂದ್ಳು. ಸೀರೆ ಅಂಚಲ್ಲಿ ಎರಡು ಉಣುಗು.