‘ಗೆ’ ಪ್ರತ್ಯಯವಿಲ್ಲದ ಒಪ್ಪಂದ

ಕನ್ನಡದಲ್ಲಿ ‘ಬಿಟ್ಟುಕೊಟ್ಟರು’ ಅಂದರೆ ಕೇಳಿದವರ ಮೊದಲ ಪ್ರಶ್ನೆ ‘ಯಾರಿಗೆ?’ ಎರಡನೇ ಮಹಾಯುದ್ಧದಲ್ಲಿ ಸೋತ ಜಪಾನ್ ಜೊತೆ ಮಿತ್ರರಾಷ್ಟ್ರಗಳು ಮಾಡಿಕೊಂಡ 1951ರ ಸ್ಯಾನ್ ಫ್ರಾನ್ಸಿಸ್ಕೊ ಶಾಂತಿ ಒಪ್ಪಂದದಲ್ಲಿ ಆ ‘ಗೆ’ಯನ್ನು ಬೇಕೆಂದೇ ಬಿಡಲಾಗಿದೆ. ಎರಡನೇ ವಿಧಿ ತೆಗೆದು ನೋಡಿ: ತೈವಾನ್, ಅದರ ಪಕ್ಕದ ಪೆಸ್ಕಡೋರ್ಸ್ ದ್ವೀಪಗಳು, ಜಪಾನಿನ ಉತ್ತರಕ್ಕಿರುವ ಕುರಿಲ್ ದ್ವೀಪಗಳು, ದಕ್ಷಿಣ ಸಖಾಲಿನ್, ದಕ್ಷಿಣ ಚೀನಾ ಸಮುದ್ರದ ಸ್ಪ್ರಾಟ್ಲಿ, ಪ್ಯಾರಸೆಲ್, ಇವುಗಳ ಮೇಲಿನ ಹಕ್ಕನ್ನೆಲ್ಲ ಜಪಾನ್ ತ್ಯಜಿಸುತ್ತದೆ. ಯಾರ ಪಾಲಿಗೆ ಅನ್ನುವುದು ಮಾತ್ರ ಎಲ್ಲೂ ಇಲ್ಲ.

ತೈವಾನನ್ನು ಚೀನಾ ಗಣರಾಜ್ಯಕ್ಕೆ ಮರಳಿಸುವುದಾಗಿ 1943ರ ಕೈರೋ ಘೋಷಣೆ ಹೇಳಿತ್ತು. ಕುರಿಲ್ ದ್ವೀಪಗಳನ್ನು 1945ರ ಯಾಲ್ಟಾ ಸಭೆಯಲ್ಲಿ ಸೋವಿಯತ್ ನಾಯಕ ಸ್ಟಾಲಿನ್‌ಗೆ ಮಾತುಕೊಟ್ಟಾಗಿತ್ತು. ಆದರೆ 1951ರ ಹೊತ್ತಿಗೆ ಕೊರಿಯಾದಲ್ಲಿ ಚೀನೀ ಪಡೆಗಳೂ ಅಮೆರಿಕನ್ ಪಡೆಗಳೂ ನೇರ ಕಾದಾಟಕ್ಕಿಳಿದಿದ್ದವು. ಬ್ರಿಟನ್ 1950ರ ಜನವರಿಯಲ್ಲೇ ಬೀಜಿಂಗ್‌ನ ಕಮ್ಯುನಿಸ್ಟ್ ಸರ್ಕಾರಕ್ಕೆ ಮಾನ್ಯತೆ ಕೊಟ್ಟಿತ್ತು, ಅಮೆರಿಕ ತೈವಾನಿನ ತೈಪೆಗೆ ಸರಿದಿದ್ದ ಚೀನಾ ಗಣರಾಜ್ಯ ಸರ್ಕಾರದ ಕೈ ಬಿಟ್ಟಿರಲಿಲ್ಲ. ಎಂಟು ವರ್ಷ ಜಪಾನ್ ವಿರುದ್ಧ ಹೋರಾಡಿದ ಚೀನಾದ ಯಾವ ಸರ್ಕಾರಕ್ಕೂ ಆಮಂತ್ರಣ ಹೋಗಲಿಲ್ಲ. ಯಾವ ಚೀನಾ ಜೊತೆ ಒಪ್ಪಂದ ಎಂಬುದನ್ನು ಜಪಾನೇ ಆಮೇಲೆ ಆರಿಸಿಕೊಳ್ಳಲಿ ಎಂದರು. ಅದೆಂಥ ಆಯ್ಕೆ! ಅಮೆರಿಕದ ಒತ್ತಾಯಕ್ಕೆ ಮಣಿದು ಪ್ರಧಾನಿ ಯೋಶಿದಾ ತೈಪೆಯನ್ನು ಒಪ್ಪಿಕೊಂಡರು. ಮುಖ್ಯ ಒಪ್ಪಂದ ಜಾರಿಗೆ ಬಂದ 1952ರ ಏಪ್ರಿಲ್ 28ರಂದೇ ತೈಪೆಯ ಸಹಿಯೂ ಬಿತ್ತು.

ಕುರಿಲ್ ವಿಷಯದಲ್ಲಿ ಇನ್ನೊಂದು ಸಿಕ್ಕು. ‘ಕುರಿಲ್ ದ್ವೀಪಗಳು’ ಅಂದರೆ ಯಾವುವು ಎಂಬ ಪಟ್ಟಿಯೇ ಇಲ್ಲ. ಎಟೊರೊಫು, ಕುನಾಶಿರಿ ಎಂಬ ದಕ್ಷಿಣದ ದ್ವೀಪಗಳು ಕುರಿಲ್‌ಗೆ ಸೇರಿಲ್ಲ ಎಂದು ಜಪಾನ್ ವಾದಿಸುವುದಕ್ಕೆ ಜಾಗ ಸಿಕ್ಕಿದ್ದು ಅಲ್ಲೇ. ಸಹಿ ಹಾಕದ ದೇಶಕ್ಕೆ ಈ ಒಪ್ಪಂದದಿಂದ ಹಕ್ಕು ಹುಟ್ಟುವುದಿಲ್ಲ ಎಂದು 25ನೇ ವಿಧಿ ಹೇಳುತ್ತದೆ, ಸೋವಿಯತ್ ಒಕ್ಕೂಟ ಸಹಿ ಹಾಕಲಿಲ್ಲ. ನೆಲ ಸೋವಿಯತ್ತರ ಕೈಯಲ್ಲಿ, ಕಾಗದ ಇಲ್ಲ.

ಒಪ್ಪಂದಕ್ಕೆ ಸಹಿ ಹಾಕಿದ ಸಮ್ಮೇಳನ 1951ರ ಸೆಪ್ಟೆಂಬರ್ 4ರಿಂದ 8ರವರೆಗೆ ನಡೆಯಿತು. ಚರ್ಚೆ ಅಲ್ಲಿ ನಡೆದದ್ದು ಹೆಸರಿಗಷ್ಟೇ. ಅಮೆರಿಕದ ದೂತ ಜಾನ್ ಫಾಸ್ಟರ್ ಡಲ್ಲೆಸ್ ರಾಜಧಾನಿಯಿಂದ ರಾಜಧಾನಿಗೆ ಸುತ್ತಿ, ಒಬ್ಬೊಬ್ಬರನ್ನೇ ಒಪ್ಪಿಸಿ ಕರಡನ್ನು ಮೊದಲೇ ಮುಗಿಸಿದ್ದರು. ತಿದ್ದುಪಡಿಗೆ ಅವಕಾಶವಿಲ್ಲ ಎಂಬ ನಿಯಮವನ್ನು ಆರಂಭದಲ್ಲೇ ಅಂಗೀಕರಿಸಿಬಿಟ್ಟರು. ಸೋವಿಯತ್ ಪ್ರತಿನಿಧಿ ಗ್ರೊಮಿಕೊ ತಂದ ತಿದ್ದುಪಡಿಗಳು ಅಧ್ಯಕ್ಷ ಪೀಠದಲ್ಲಿದ್ದ ಅಮೆರಿಕದ ವಿದೇಶಾಂಗ ಸಚಿವ ಅಚೆಸನ್ ಎದುರು ನಿಲ್ಲಲಿಲ್ಲ. ಬಂದ 52 ದೇಶಗಳಲ್ಲಿ, ಜಪಾನೂ ಸೇರಿ, 49 ಸಹಿ ಹಾಕಿದವು. ಭಾರತ ಹೋಗಲೇ ಇಲ್ಲ. 1952ರ ಜೂನ್ 9ರಂದು ಟೋಕಿಯೊದಲ್ಲಿ ಬೇರೆಯೇ ಒಪ್ಪಂದ ಮಾಡಿಕೊಂಡು ಯುದ್ಧಪರಿಹಾರವನ್ನೂ ಬಿಟ್ಟಿತು.

ಜಪಾನಿನ ಮರುಶಸ್ತ್ರೀಕರಣಕ್ಕೆ ಮಿತಿಯಿಲ್ಲದ ಇಂಥ ಮೃದು ಶಾಂತಿಗೆ ಆಸ್ಟ್ರೇಲಿಯಾ ಸುಮ್ಮನೆ ಒಪ್ಪಲಿಲ್ಲ. ಅದರ ವಿದೇಶಾಂಗ ಸಚಿವರಾಗಿದ್ದ ಪರ್ಸಿ ಸ್ಪೆಂಡರ್ ಕೇಳಿದ ಬೆಲೆ ಅಮೆರಿಕದ ರಕ್ಷಣಾ ಭರವಸೆ. ಅದೇ ಊರಿನಲ್ಲಿ ಸೆಪ್ಟೆಂಬರ್ 1ರಂದು ಸಹಿಯಾದ ಆನ್ಜಸ್, ಅಂದರೆ ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಅಮೆರಿಕಗಳ ರಕ್ಷಣಾ ಒಪ್ಪಂದ, ಆ ಬೆಲೆ. ಆದರೂ ಪದಗಳನ್ನು ತೂಗಿ ನೋಡಬೇಕು. ನ್ಯಾಟೋದ ಐದನೇ ವಿಧಿಯಲ್ಲಿ ಒಬ್ಬರ ಮೇಲಿನ ದಾಳಿ ಎಲ್ಲರ ಮೇಲಿನ ದಾಳಿ. ಆನ್ಜಸ್‌ನ ನಾಲ್ಕನೇ ವಿಧಿಯಲ್ಲಿ ಪ್ರತಿ ದೇಶವೂ ಅಂಥ ದಾಳಿ ತನ್ನ ಶಾಂತಿಗೂ ಅಪಾಯವೆಂದು ಒಪ್ಪಿ, ತನ್ನ ‘ಸಾಂವಿಧಾನಿಕ ಕ್ರಮಗಳಿಗೆ ಅನುಸಾರವಾಗಿ’ ನಡೆದುಕೊಂಡರೆ ಸಾಕು. ಬ್ರಿಟನ್‌ಗೆ ಇದರಲ್ಲಿ ಕುರ್ಚಿಯೇ ಇರಲಿಲ್ಲ. 1942ರಲ್ಲಿ ಸಿಂಗಾಪುರ ಜಪಾನಿನ ಕೈಗೆ ಬಿದ್ದಾಗಲೇ ಕೈತಪ್ಪಿದ್ದ ಯಜಮಾನಿಕೆ ಇಲ್ಲಿ ಕಾಗದದ ಮೇಲೂ ಹೋಯಿತು.

ನನ್ನ ಮಟ್ಟಿಗೆ ಕರಡಿನ ಅತಿ ಜಾಣ ಭಾಗ ಮೂರನೇ ವಿಧಿ. 29 ಡಿಗ್ರಿ ಉತ್ತರ ಅಕ್ಷಾಂಶದ ದಕ್ಷಿಣಕ್ಕಿರುವ ದ್ವೀಪಗಳನ್ನು, ಓಕಿನಾವಾ ಸೇರಿ, ವಿಶ್ವಸಂಸ್ಥೆಯ ಟ್ರಸ್ಟಿಶಿಪ್‌ಗೆ (ಅದರ ಮೇಲ್ವಿಚಾರಣೆಯ ಆಡಳಿತಕ್ಕೆ) ಒಪ್ಪಿಸುವಂತೆ ಅಮೆರಿಕ ಪ್ರಸ್ತಾಪಿಸಿದರೆ ಜಪಾನ್ ಒಪ್ಪಬೇಕು. ‘ಅಲ್ಲಿಯವರೆಗೆ’ ಸಕಲ ಅಧಿಕಾರವೂ ಅಮೆರಿಕದ್ದು. ಅಮೆರಿಕ ಆ ಪ್ರಸ್ತಾಪ ಇಡಲೇ ಇಲ್ಲ. ಇಟ್ಟಿದ್ದರೆ ಭದ್ರತಾ ಮಂಡಳಿಯಲ್ಲಿ ಸೋವಿಯತ್ ವೀಟೊ ಅಡ್ಡ ಬರಬಹುದಿತ್ತು. ಇಡದಿದ್ದರೆ ‘ಅಲ್ಲಿಯವರೆಗೆ’ ಮುಗಿಯುವುದೇ ಇಲ್ಲ. ಡಲ್ಲೆಸ್ ಜಪಾನಿಗೆ ಉಳಿಸಿದ್ದು ‘ಉಳಿಕೆ ಸಾರ್ವಭೌಮತ್ವ’ ಎಂಬ ಮಾತನ್ನು: ಆಡಳಿತ ಅಮೆರಿಕದ್ದು, ಮೂಲ ಒಡೆತನ ಜಪಾನಿನದು. ಅಮಾಮಿ ದ್ವೀಪಗಳು 1953ರ ಡಿಸೆಂಬರ್‌ನಲ್ಲಿ, ಒಗಾಸವಾರಾ 1968ರಲ್ಲಿ, ಓಕಿನಾವಾ 1972ರ ಮೇ 15ರಂದು ಮರಳಿದವು. 1958ರಿಂದ ಅಷ್ಟರವರೆಗೆ ಓಕಿನಾವಾದ ಅಂಗಡಿಗಳಲ್ಲಿ ಡಾಲರ್ ಚಲಾವಣೆ. ವಾಹನಗಳು ರಸ್ತೆಯ ಬಲಕ್ಕೇ ಓಡುತ್ತಿದ್ದವು. ಅವು ಜಪಾನಿನ ಉಳಿದ ಭಾಗದಂತೆ ಎಡಕ್ಕೆ ಬಂದದ್ದು 1978ರ ಜುಲೈ 30ರ ಬೆಳಗ್ಗೆ 6 ಗಂಟೆಗೆ.