ರಾಗಿ ಚೀಲ, ಮಿನುಗುಪುಡಿ, ಪೂಜೆಯ ಗಂಟೆ: ಆರು ವಾರಗಳ ಟಿಪ್ಪಣಿ

ನಾಲ್ಕೂವರೆ ವರ್ಷದ ಮಗಳು ರಚ್ಚೆ ಹಿಡಿದಾಗ ಗದರಿಸುವುದನ್ನೂ ಕೈಗೆ ಮೊಬೈಲು ಕೊಟ್ಟು ಸುಮ್ಮನಾಗಿಸುವುದನ್ನೂ ಬಿಡಬೇಕೆಂದು ಮಂಡ್ಯದ ನಮ್ಮ ಮನೆಯಲ್ಲಿ ಆರಂಭಿಸಿದ ಪ್ರಯೋಗಕ್ಕೆ ಈಗ ಆರು ವಾರ ತುಂಬಿದೆ. ಉಸಿರು, ಸದ್ದು, ಭಾವ ಹೀಗೆ ಈ ಕ್ಷಣದಲ್ಲಿ ಆಗುತ್ತಿರುವುದರ ಮೇಲೆ ಗಮನವಿಡುವ ಅಭ್ಯಾಸವೇ ಅದರ ತಿರುಳು. ಮೈಂಡ್‌ಫುಲ್‌ನೆಸ್ ಎಂಬ ಹೆಸರಿನಲ್ಲಿ ಇಂದು ಎಲ್ಲೆಡೆ ಹರಡಿರುವ ಈ ಪದ್ಧತಿಗೆ 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಲ್ಲಿ ಜಾನ್ ಕಬಟ್-ಜಿನ್ ಅವರು ಆರಂಭಿಸಿದ ಎಂಟು ವಾರಗಳ ಕಾರ್ಯಕ್ರಮವೇ ದೊಡ್ಡ ಮೂಲ. ಅದು ದೀರ್ಘಕಾಲದ ನೋವು ಮತ್ತು ಒತ್ತಡದಿಂದ ಬಳಲುವ ದೊಡ್ಡವರಿಗಾಗಿ ರೂಪಿಸಿದ್ದು. ಮಗುವಿನ ಅಳತೆಗೆ ಕತ್ತರಿಸಿದರೆ ಅದರಲ್ಲಿ ಉಳಿಯುವುದು ಎರಡು ಮೂರು ನಿಮಿಷಗಳ ಆಟ.

ಮೊದಲ ಎರಡು ವಾರ ಹೊಟ್ಟೆಯ ಉಸಿರಿಗೆ ಮೀಸಲಾದವು. ಮಗುವನ್ನು ಅಂಗಾತ ಮಲಗಿಸಿ, ಹೊಟ್ಟೆಯ ಮೇಲೆ ಆಟಿಕೆಯೊಂದನ್ನಿಟ್ಟು, ಅದು ಏಳುವುದನ್ನೂ ಇಳಿಯುವುದನ್ನೂ ನೋಡಲು ಹೇಳುವುದು ಇದರ ಕ್ರಮ. ಚನ್ನಪಟ್ಟಣದ ಮರದ ಆನೆ ಅರಗಿನ ನುಣುಪಿನಿಂದ ಪ್ರತಿ ಉಸಿರಿಗೂ ಜಾರಿ ಬೀಳುತ್ತಿದ್ದುದರಿಂದ, ಹಳೆಯ ರವಿಕೆ ಬಟ್ಟೆಯಲ್ಲಿ ಅಂಗೈಯಗಲದ ಚೀಲ ಹೊಲಿದು ರಾಗಿ ತುಂಬಿದೆ. ಅದರ ಭಾರ ಹೊಟ್ಟೆಗೆ ತಿಳಿಯುತ್ತದೆ, ಜಾರುವುದೂ ಇಲ್ಲ. ಉಸಿರು ಬಿಡುವಾಗ ಹೃದಯದ ಬಡಿತ ತುಸು ನಿಧಾನವಾಗುವುದು ದೇಹದ ಸಹಜ ಗುಣವಾದ್ದರಿಂದ, ಒಳಗೆ ಎಳೆದುಕೊಳ್ಳುವುದಕ್ಕಿಂತ ಉದ್ದವಾಗಿ ಹೊರಗೆ ಬಿಡುವುದಕ್ಕೇ ಒತ್ತು ಕೊಟ್ಟೆ. ‘ಬಿಸಿ ಮುದ್ದೆ ಆರಿಸೋ ಹಾಗೆ ಊದು, ಪುಟ್ಟಿ’ ಎಂದದ್ದು ಅವಳಿಗೆ ತಕ್ಷಣ ಹಿಡಿಸಿತು.

ಮೂರನೆಯ ವಾರ ನಾನೇ ಎಡವಿದೆ. ಚಪ್ಪಲಿಯ ವಿಷಯಕ್ಕೆ ನೆಲದ ಮೇಲೆ ಬಿದ್ದು ಹೊರಳಾಡುತ್ತಿದ್ದವಳಿಗೆ ‘ಉಸಿರು ಬಿಡು’ ಎಂದು ಅಪ್ಪಣೆ ಮಾಡಿದೆ. ಅವಳು ‘ಬಿಡಲ್ಲ!’ ಎಂದು ಕಿರುಚಿ ಚೀಲವನ್ನು ಗೋಡೆಗೆ ಎಸೆದಳು. ಹೊಲಿಗೆ ಬಿಚ್ಚಿ ಚೆಲ್ಲಿದ ರಾಗಿ ಸೋಫಾದಡಿಯಲ್ಲಿ ಇಂದಿಗೂ ಸಿಗುತ್ತಿದೆ. ಸಿಟ್ಟಿಗೆ ಕಡಿವಾಣ ಹಾಕುವ ಮಿದುಳಿನ ಮುಂಭಾಗ ಪೂರ್ತಿ ಬಲಿಯಲು ಇಪ್ಪತ್ತು ವರ್ಷ ದಾಟಬೇಕೆಂದು ಓದಿದ್ದ ನಾನು, ನಾಲ್ಕರ ಮಗುವಿನಿಂದ ರಂಪದ ನಡುವೆಯೇ ಅದನ್ನು ನಿರೀಕ್ಷಿಸಿದ್ದೆ. ಅಂದಿನಿಂದ ಅಭ್ಯಾಸ ಸಂಜೆ ಹಾಲು ಕುಡಿದ ಮೇಲೆ, ನಗುಮುಖದಲ್ಲಿದ್ದಾಗ ಮಾತ್ರ. ರಚ್ಚೆಯ ವೇಳೆಯಲ್ಲಿ ನಾನು ಪಕ್ಕದಲ್ಲಿ ಕುಳಿತು, ಏನೂ ಹೇಳದೆ, ನನ್ನ ಉಸಿರನ್ನೇ ನಿಧಾನವಾಗಿ ಬಿಡುತ್ತೇನೆ. ಅತ್ತೆಯವರಿಗೆ ಇದು ಮಗುವನ್ನು ತಲೆಯ ಮೇಲೆ ಕೂರಿಸಿಕೊಂಡಂತೆ ಕಾಣುತ್ತದೆ.

ಮುಂದಿನ ಆಟ ಮಿನುಗುಪುಡಿಯ (ಗ್ಲಿಟರ್) ಬಾಟಲಿ: ಅದನ್ನು ಅಲುಗಿಸಿ, ಪುಡಿ ತಳಕ್ಕೆ ಇಳಿದು ನೀರು ತಿಳಿಯಾಗುವವರೆಗೆ ಮಗು ನೋಡುತ್ತಾ ಕೂರಬೇಕು. ಇದನ್ನು ಮಾಡಲು ಮೂರು ಸಲ ಕೈ ಹಾಕಬೇಕಾಯಿತು. ಬರೀ ನೀರಿನಲ್ಲಿ ಪುಡಿಯ ಅರ್ಧಭಾಗ ಮೇಲೆಯೇ ತೇಲಿತು. ಒಂದು ಹನಿ ಪಾತ್ರೆ ತೊಳೆಯುವ ದ್ರವ ಹಾಕಿದ ಮೇಲೆ ಮುಳುಗಿತಾದರೂ ಕ್ಷಣದಲ್ಲಿ ತಳ ಸೇರಿತು. ಎರಡನೆಯದಕ್ಕೆ ಪಾರದರ್ಶಕ ಅಂಟನ್ನು ಅರ್ಧ ಬಾಟಲಿ ಸುರಿದೆ. ಐದು ನಿಮಿಷವಾದರೂ ಪುಡಿ ಇಳಿಯದೆ, ಮಗಳು ಎದ್ದು ಹೋದಳು. ಮೂರನೆಯದರಲ್ಲಿ ನಾಲ್ಕು ಪಾಲು ಬೆಚ್ಚಗಿನ ನೀರಿಗೆ ಒಂದು ಪಾಲು ಅಂಟು ಬೆರೆಸಿದಾಗ ಒಂದೂವರೆ ನಿಮಿಷಕ್ಕೆ ತಿಳಿಯಾಯಿತು. ಮುಚ್ಚಳವನ್ನು ಅಂಟು ಹಾಕಿಯೇ ಬಿಗಿಯಬೇಕು. ಪುಡಿ ಮಗುವಿನ ಬಾಯಿಗೆ ಹೋಗಬಾರದು.

ಆರನೆಯ ವಾರ ಅತ್ತೆಯವರ ಪೂಜೆಯ ಕಂಚಿನ ಗಂಟೆ ಆಟಕ್ಕೆ ಬಂತು. ನಾದ ಪೂರ್ತಿ ಅಡಗಿತೆನಿಸಿದಾಗ ಮಗಳು ಕೈ ಎತ್ತಬೇಕು. ಅತ್ತೆ ಇದೊಂದನ್ನು ಒಪ್ಪಿದ್ದಾರೆ, ತಾವೂ ಕೈ ಎತ್ತುತ್ತಾರೆ. ಇದರ ಜೊತೆಗೆ ಭಾವಗಳನ್ನು ಹೆಸರು ಹಿಡಿದು ಹೇಳುವ ಅಭ್ಯಾಸವೂ ನಡೆದಿದೆ. ಸಿಟ್ಟು, ಮುನಿಸು, ಬೇಜಾರು, ಹೊಟ್ಟೆಕಿಚ್ಚು ಬೇರೆಬೇರೆಯೆಂದು ತಿಳಿದ ಮೇಲೆ, ಮೊನ್ನೆ ಅಳುತ್ತಲೇ ‘ಸಿಟ್ಟಲ್ಲಮ್ಮ, ಬೇಜಾರು’ ಎಂದು ತಿದ್ದಿದಳು.

ಇದನ್ನು ಸರ್ವರೋಗಕ್ಕೆ ಮದ್ದೆಂದು ನಾನು ಹೇಳಲಾರೆ. ಬ್ರಿಟನ್ನಿನ ಶಾಲೆಗಳಲ್ಲಿ 8,000ಕ್ಕೂ ಹೆಚ್ಚು ಹದಿಹರೆಯದವರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಇಂಥ ಪಾಠಗಳು ಶಾಲೆಯ ಎಂದಿನ ಪಾಠಗಳಿಗಿಂತ ಹೆಚ್ಚಿನ ಪ್ರಯೋಜನ ತೋರಲಿಲ್ಲ. ಅವರ ವಯಸ್ಸು ಬೇರೆ, ತರಗತಿಯ ವಾತಾವರಣ ಬೇರೆ ಎಂಬುದು ನಿಜವಾದರೂ, ಆ ಫಲಿತಾಂಶ ನನ್ನ ಉತ್ಸಾಹವನ್ನು ಹದದಲ್ಲಿಟ್ಟಿದೆ. ನನ್ನ ನೋಟ್‌ಬುಕ್ಕಿನ ಪ್ರಕಾರ ಮೊದಲ ವಾರ ಹನ್ನೊಂದು ರಚ್ಚೆ, ಕಳೆದ ವಾರ ಏಳು. ಆ ಏಳರಲ್ಲಿ ಐದು ಬೆಳಿಗ್ಗೆ ಶಾಲೆಯ ವ್ಯಾನು ಬರುವ ಮುನ್ನ, ಶೂ ಹಾಕುವಾಗಲೇ ಆದವು. ಅದಕ್ಕೆ ಚೀಲವೂ ಗಂಟೆಯೂ ಉಪಯೋಗಕ್ಕೆ ಬಂದಿಲ್ಲ. ಸೋಮವಾರದಿಂದ ಅವಳನ್ನು ಕಾಲು ಗಂಟೆ ಮುಂಚೆ ಎಬ್ಬಿಸಿ ನೋಡುತ್ತೇನೆ.