ಎಚ್‌-1ಬಿ ವೀಸಾದಲ್ಲಿದ್ದುಕೊಂಡು ಎರಡನೆಯ ಕೆಲಸ

ಅಮೆರಿಕದಲ್ಲಿ ಎಚ್‌-1ಬಿ ವೀಸಾದ (ವಿಶೇಷ ಪರಿಣತಿಯ ಕೆಲಸಗಳಿಗಾಗಿ ವಿದೇಶಿಯರಿಗೆ ಕೊಡುವ ವೀಸಾ) ಮೇಲೆ ಕೆಲಸ ಮಾಡುತ್ತಿರುವ ನಮ್ಮವರು ಬಿಡುವಿನ ವೇಳೆಯ ದುಡಿಮೆಯ ಬಗ್ಗೆ ಸಾಮಾನ್ಯವಾಗಿ ಮೊದಲು ಕೇಳುವುದು ‘ವಾರಕ್ಕೆ ಎಷ್ಟು ಗಂಟೆ ಮಾಡಬಹುದು?’ ಎಂದು. ವಿದ್ಯಾರ್ಥಿಯಾಗಿದ್ದಾಗ ಎಫ್‌-1 ವೀಸಾದಲ್ಲಿ, ತರಗತಿಗಳು ನಡೆಯುವ ದಿನಗಳಲ್ಲಿ ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆ ದುಡಿದ ಲೆಕ್ಕ ಅವರ ತಲೆಯಲ್ಲಿ ಹಾಗೆಯೇ ಉಳಿದಿರುತ್ತದೆ. ಆದರೆ ಎಚ್‌-1ಬಿ ನಿಯಮವು ಗಂಟೆಗಳಿಗೆ ಮಿತಿಯನ್ನೇ ಹಾಕುವುದಿಲ್ಲ. ನಿಮ್ಮನ್ನು ದುಡಿಸಿಕೊಳ್ಳುವವರು ನಿಮ್ಮ ಹೆಸರಿನಲ್ಲಿ ಅರ್ಜಿ ಸಲ್ಲಿಸಿದ್ದಾರೆಯೇ ಎಂಬುದಷ್ಟೇ ಅದಕ್ಕೆ ಮುಖ್ಯ. ಅರ್ಜಿ ಇದ್ದರೆ ಎರಡು ಕಡೆ, ಮೂರು ಕಡೆ ಕೂಡ ಕೆಲಸ ಮಾಡಬಹುದು. ಇಲ್ಲದಿದ್ದರೆ ಶನಿವಾರದ ಎರಡು ಗಂಟೆಯೂ ಅಕ್ರಮವೇ.

ಸಂಜೆಯ ಹೊತ್ತು ಕಮ್ಯುನಿಟಿ ಕಾಲೇಜೊಂದರಲ್ಲಿ ಒಂದು ವಿಷಯ ಬೋಧಿಸಬೇಕೆಂದಿರುವ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರನ್ನು ತೆಗೆದುಕೊಳ್ಳೋಣ. ಕಾಲೇಜು ಮೊದಲು ಕಾರ್ಮಿಕ ಇಲಾಖೆಯಿಂದ ಕೆಲಸದ ಷರತ್ತುಗಳ ದೃಢೀಕರಣವಾದ ಎಲ್‌ಸಿಎ ಪಡೆಯಬೇಕು. ಅದರಲ್ಲಿ ಇದು ಅರೆಕಾಲಿಕ ಹುದ್ದೆಯೆಂದು ನಮೂದಿಸಿ, ಆ ಊರಿನಲ್ಲಿ ಆ ಕೆಲಸಕ್ಕೆ ನಡೆಯುತ್ತಿರುವ ವೇತನಕ್ಕಿಂತ ಕಡಿಮೆ ಕೊಡುವುದಿಲ್ಲವೆಂದು ಒಪ್ಪಿಕೊಳ್ಳಬೇಕು. ಆಮೇಲೆ, ವಾರಕ್ಕೆ ಎಷ್ಟು ಗಂಟೆಯ ಕೆಲಸವೆಂದು ಬರೆದು ಐ-129 ಅರ್ಜಿಯನ್ನು ವಲಸೆ ಇಲಾಖೆಗೆ ಕಳುಹಿಸಬೇಕು. ವರ್ಷಕ್ಕೆ ಇಷ್ಟೇ ಎಂಬ ಮಿತಿಯಿರುವ ಹೊಸ ವೀಸಾಗಳನ್ನು ಲಾಟರಿಯ ಮೂಲಕ ಹಂಚುತ್ತಾರೆ; ಎಂಜಿನಿಯರನ್ನು ಈಗಾಗಲೇ ಆ ಮಿತಿಯೊಳಗೆ ಎಣಿಸಿರುವುದರಿಂದ ಮತ್ತೊಮ್ಮೆ ಲಾಟರಿಯ ಗೊಡವೆಯಿಲ್ಲ. ಅವರು ಕ್ರಮಬದ್ಧ ಸ್ಥಿತಿಯಲ್ಲಿದ್ದರೆ, ಅರ್ಜಿ ಇಲಾಖೆಯನ್ನು ತಲುಪಿದ ಮೇಲೆ ಮಂಜೂರಾತಿಗೆ ಕಾಯದೆ ಪಾಠ ಶುರುಮಾಡಬಹುದು. ಕಾನೂನಿನಲ್ಲಿ ಇಷ್ಟು ಸುಗಮವಾಗಿರುವುದು ವ್ಯವಹಾರದಲ್ಲಿ ಮುಗ್ಗರಿಸುವುದು ಹಣದ ವಿಷಯದಲ್ಲಿ: ಅರ್ಜಿಯ ಖರ್ಚನ್ನು ಕಾಲೇಜೇ ಭರಿಸಬೇಕು, ಉದ್ಯೋಗಿಯ ಸಂಬಳದಿಂದ ಮುರಿದುಕೊಳ್ಳುವಂತಿಲ್ಲ. ಸರ್ಕಾರಿ ಶುಲ್ಕ ಮತ್ತು ವಕೀಲರ ಶುಲ್ಕ ಕೂಡಿದರೆ, ಒಂದು ಸೆಮಿಸ್ಟರಿಗೆ ಒಂದು ವಿಷಯ ಕಲಿಸುವವರಿಗೆ ಕೊಡುವ ಸಂಭಾವನೆಯ ಎದುರು ಅದು ಸಣ್ಣ ಮೊತ್ತವೇನಲ್ಲ. ಇಂಥ ಅವಕಾಶ ಪುಸ್ತಕದಲ್ಲಿದ್ದರೂ ಬಳಕೆಯಲ್ಲಿ ಅಪರೂಪವಾಗಿರುವುದಕ್ಕೆ ಇದೇ ಕಾರಣವೆಂದು ನನ್ನ ಎಣಿಕೆ.

ಇದರ ಮಗ್ಗುಲಿನ ಇನ್ನೊಂದು ದಾರಿ ಹೆಚ್ಚು ಜನರಿಗೆ ತಿಳಿದಿಲ್ಲ. ವರ್ಷಕ್ಕೆ 65,000 ಮತ್ತು ಅಮೆರಿಕದಲ್ಲೇ ಸ್ನಾತಕೋತ್ತರ ಪದವಿ ಪಡೆದವರಿಗೆ 20,000 ಎಂಬ ಮಿತಿ ವಿಶ್ವವಿದ್ಯಾಲಯಗಳಿಗೆ ಅನ್ವಯಿಸುವುದಿಲ್ಲ. ಆದ್ದರಿಂದ ವಿಶ್ವವಿದ್ಯಾಲಯವೊಂದರಲ್ಲಿ ಎಚ್‌-1ಬಿ ಮೇಲೆ ಸಂಶೋಧಕರಾಗಿರುವವರಿಗೆ ಖಾಸಗಿ ಕಂಪನಿಯೊಂದು ಲಾಟರಿಯಿಲ್ಲದೆಯೇ ಎರಡನೆಯ ಅರ್ಜಿ ಹಾಕಬಹುದು. ಆದರೆ ವಿಶ್ವವಿದ್ಯಾಲಯದ ಕೆಲಸ ನಿಂತರೆ ಕಂಪನಿಯ ಕೆಲಸದ ಆಧಾರವೂ ಕುಸಿಯುತ್ತದೆ.

ಎರಡನೆಯ ಕೆಲಸವೂ ಪದವಿಯ ಓದನ್ನು ಬೇಡುವ ವಿಶೇಷ ಪರಿಣತಿಯದ್ದೇ ಆಗಿರಬೇಕು. ಹಾಗಾಗಿ ಊಬರ್ ಓಡಿಸುವುದಾಗಲಿ, ಹೋಟೆಲಿನಲ್ಲಿ ವಾರಾಂತ್ಯದ ಗಲ್ಲಾ ನೋಡಿಕೊಳ್ಳುವುದಾಗಲಿ ಇದರಡಿ ಸಾಧ್ಯವೇ ಇಲ್ಲ.

ನಮ್ಮ ಸಮುದಾಯದಲ್ಲಿ ಗೊಂದಲ ಹೆಚ್ಚಿರುವುದು ಸಂಗೀತ ಪಾಠ, ಕನ್ನಡ ಶಾಲೆ ಇವುಗಳ ಸುತ್ತ. ಮನೆಯ ನೆಲಮಾಳಿಗೆಯಲ್ಲಿ ನಾಲ್ಕಾರು ಮಕ್ಕಳಿಗೆ ಸರಳೆ ವರಸೆ ಹೇಳಿಕೊಟ್ಟು ತಿಂಗಳಿಗಿಷ್ಟೆಂದು ಶುಲ್ಕ ತೆಗೆದುಕೊಂಡರೆ ಅದು ಸ್ವಂತ ದುಡಿಮೆ. ಅದಕ್ಕೆ ಅರ್ಜಿ ಹಾಕುವ ಮಾಲೀಕನೇ ಇಲ್ಲದಿರುವುದರಿಂದ ಅನುಮತಿಯೂ ಇಲ್ಲ. ಕನ್ನಡ ಸಂಘಗಳ ವಾರಾಂತ್ಯದ ಶಾಲೆಗಳಲ್ಲಿ ಕಲಿಸುವವರು ಬಹುಪಾಲು ಸ್ವಯಂಸೇವಕರು. ಸಂಬಳದ ಮಾತೇ ಇಲ್ಲದ ಅಂಥ ಸೇವೆಗೆ ಅಡ್ಡಿಯಿಲ್ಲ. ಆದರೆ ವರ್ಷದ ಕೊನೆಗೆ ‘ಇರಲಿ ತಗೊಳ್ಳಿ’ ಎಂದು ಗಂಟೆಗಳ ಲೆಕ್ಕ ಹಾಕಿ ಗಿಫ್ಟ್ ಕಾರ್ಡ್ ಕೊಡುವ ಉದಾರಿಗಳು ಆ ಶಿಕ್ಷಕರಿಗೆ ಉಪಕಾರಕ್ಕಿಂತ ಹೆಚ್ಚು ತೊಂದರೆಯನ್ನೇ ತಂದಿಡಬಲ್ಲರು, ಏಕೆಂದರೆ ದುಡಿಮೆಗೆ ಪ್ರತಿಯಾಗಿ ಸಿಕ್ಕ ಬೆಲೆಯುಳ್ಳ ಯಾವುದನ್ನೂ ಸಂಬಳವೆಂದು ಓದಲು ಸಾಧ್ಯವಿದೆ.

ತೆರಿಗೆ ಕಟ್ಟಿಬಿಟ್ಟರೆ ಎಲ್ಲವೂ ಸರಿಹೋಗುತ್ತದೆ ಎಂಬ ನಂಬಿಕೆಯೂ ಬಲವಾಗಿದೆ. ಅಕ್ರಮ ದುಡಿಮೆಗೆ ತೆರಿಗೆ ಕಟ್ಟಿದರೆ ಅದು ಸಕ್ರಮವಾಗುವುದಿಲ್ಲ. ಬದಲಿಗೆ 1099 ನಮೂನೆಯ (ಸಂಬಳದ ನೌಕರರಲ್ಲದವರಿಗೆ ಕೊಟ್ಟ ಹಣವನ್ನು ತೆರಿಗೆ ಇಲಾಖೆಗೆ ತಿಳಿಸುವ ಪತ್ರ) ರೂಪದಲ್ಲಿ ದಾಖಲೆಯಾಗಿ ಉಳಿಯುತ್ತದೆ. ಗ್ರೀನ್ ಕಾರ್ಡಿನ ಕೊನೆಯ ಹಂತದ ಐ-485 ಅರ್ಜಿಯಲ್ಲಿ ಅನುಮತಿಯಿಲ್ಲದೆ ಎಂದಾದರೂ ಕೆಲಸ ಮಾಡಿದ್ದೀರಾ ಎಂದು ನೇರವಾಗಿಯೇ ಕೇಳುತ್ತಾರೆ. ಉದ್ಯೋಗದ ಮೂಲಕ ಗ್ರೀನ್ ಕಾರ್ಡ್ ಕೋರುವವರಿಗೆ ಕೊನೆಯ ಸಕ್ರಮ ಪ್ರವೇಶದ ನಂತರದ ಒಟ್ಟು 180 ದಿನಗಳವರೆಗಿನ ಲೋಪಕ್ಕೆ ವಿನಾಯಿತಿಯಿದೆಯಾದರೂ, ಅದನ್ನು ನೆಚ್ಚಿಕೊಂಡು ಹೆಜ್ಜೆ ಇಡುವುದು ಜಾಣತನವಲ್ಲ. ಷೇರುಗಳ ಲಾಭಾಂಶ, ಬ್ಯಾಂಕ್ ಬಡ್ಡಿ, ಬೆಂಗಳೂರಿನ ಫ್ಲ್ಯಾಟಿನ ಬಾಡಿಗೆ ಇವು ದುಡಿಮೆಯಲ್ಲ, ಹೂಡಿಕೆಯ ಆದಾಯ; ಅವುಗಳಿಗೆ ವಲಸೆ ನಿಯಮದ ತಕರಾರಿಲ್ಲ.

ಎರಡನೆಯ ಅರ್ಜಿಗೊಂದು ಅನಿರೀಕ್ಷಿತ ಉಪಯೋಗವಿದೆ. ಮುಖ್ಯ ಕೆಲಸ ಹೋದರೆ ಹೊಸ ದಾರಿ ಹುಡುಕಲು ಸಿಗುವುದು ಗರಿಷ್ಠ 60 ದಿನ. ಆದರೆ ಮಂಜೂರಾದ ಅರೆಕಾಲಿಕ ಎಚ್‌-1ಬಿ ಕೆಲಸ ಕೈಯಲ್ಲಿದ್ದು ಅದು ನಡೆಯುತ್ತಿದ್ದರೆ, ವಾರಕ್ಕೆ ಕೆಲವೇ ಗಂಟೆಗಳದ್ದಾದರೂ ಆ ಕೆಲಸದ ಮೇಲೆಯೇ ವೀಸಾ ಸ್ಥಿತಿ ನಿಲ್ಲುತ್ತದೆ. ಹೀಗೆ ಅರೆಕಾಲಿಕವಾಗಿ ಕಳೆದ ದಿನಗಳನ್ನೂ ಆರು ವರ್ಷಗಳ ಮಿತಿಯಲ್ಲಿ ಪೂರ್ಣ ದಿನಗಳೆಂದೇ ಎಣಿಸುತ್ತಾರೆ.